ಅರ್ಧ ಪ್ರೋಟೀನಿಗೆ ಆಕಾರವೇ ಇಲ್ಲವೇ?

ಪ್ರಶ್ನೆ: ಬ್ಯಾಕ್ಟೀರಿಯಾದಲ್ಲಿ ಎಂಆರ್‌ಎನ್‌ಎಯನ್ನು (ಜೀನಿನ ಸಂದೇಶ ಒಯ್ಯುವ ಆರ್‌ಎನ್‌ಎಯನ್ನು) ಒಡೆಯುವ ಆರ್‌ಎನ್‌ಏಸ್ ಇ ಕಿಣ್ವದ ರಚನೆಯ ಚಿತ್ರದಲ್ಲಿ ಅರ್ಧ ಭಾಗ ಮಾತ್ರ ಕಾಣುತ್ತದೆ. ಉಳಿದರ್ಧಕ್ಕೆ ಸ್ಥಿರವಾದ ಆಕಾರವಿಲ್ಲ ಎನ್ನುತ್ತಾರೆ. ಹಾಗಿದ್ದರೆ ಅದು ಇತರ ಕಿಣ್ವಗಳಿಗೆ ಆಧಾರವಾಗುವುದು ಹೇಗೆ?
– ಜೀವರಸಾಯನಶಾಸ್ತ್ರದ ವಿದ್ಯಾರ್ಥಿನಿ, ಧಾರವಾಡ

ಉತ್ತರ: ನಿಮ್ಮ ಸಂದೇಹ ನ್ಯಾಯವಾದದ್ದೇ. ಆಧಾರ ಎಂದೊಡನೆ ಗಟ್ಟಿಯಾಗಿ ನಿಂತ ಚೌಕಟ್ಟನ್ನು ಕಲ್ಪಿಸಿಕೊಳ್ಳುತ್ತೇವೆ. ಈ ಪ್ರೋಟೀನು ಆ ಕಲ್ಪನೆಗೆ ಒಗ್ಗುವುದಿಲ್ಲ.

ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ಆರ್‌ಎನ್‌ಏಸ್ ಇ ಪ್ರೋಟೀನಿನಲ್ಲಿ 1061 ಅಮೈನೋ ಆಮ್ಲಗಳಿವೆ. ಅವುಗಳಲ್ಲಿ ಮೊದಲ 529 ಸೇರಿ ಆರ್‌ಎನ್‌ಎಯನ್ನು ಕತ್ತರಿಸುವ ಭಾಗವಾಗಿದೆ. ಇಂತಹ ನಾಲ್ಕು ಪ್ರತಿಗಳು ಎರಡು ಜೋಡಿಗಳಾಗಿ ಕೂಡಿಕೊಂಡಿರುತ್ತವೆ. 2005ರಲ್ಲಿ ಪ್ರಕಟವಾದ ಸ್ಫಟಿಕ ರಚನೆ (ಪ್ರೋಟೀನನ್ನು ಸ್ಫಟಿಕವಾಗಿಸಿ ಕಂಡುಕೊಂಡ ಆಕಾರ) ಈ ಭಾಗದ್ದು. ನೀವು ನೋಡಿರುವ ಚಿತ್ರವೂ ಬಹುಶಃ ಅದೇ. ಉಳಿದ ಭಾಗ ಒಂದೇ ಭಂಗಿಯಲ್ಲಿ ನಿಲ್ಲದೆ ಸದಾ ಬದಲಾಗುತ್ತಿರುವುದರಿಂದ, ಅಣುಗಳೆಲ್ಲ ಒಂದೇ ರೀತಿಯಲ್ಲಿ ಸಾಲುಗಟ್ಟಬೇಕಾದ ಸ್ಫಟಿಕದಲ್ಲಿ ಅದು ಸೆರೆಸಿಗುವುದಿಲ್ಲ.

ಆದರೆ ಈ ಸಡಿಲ ಭಾಗದ ಉದ್ದಕ್ಕೂ ಅಲ್ಲಲ್ಲಿ, ನಿರ್ದಿಷ್ಟ ಸಂಗಾತಿಗಳನ್ನು ಹಿಡಿಯುವ ಚಿಕ್ಕ ತುಣುಕುಗಳಿವೆ. 565ರಿಂದ 585ನೇ ಅಮೈನೋ ಆಮ್ಲದವರೆಗಿನ ತುಣುಕು ಸುರುಳಿಯಾಗಿ ಕೋಶಪೊರೆಯ ಒಳಮೈಗೆ ಅಂಟಿಕೊಳ್ಳುತ್ತದೆ. ಅದರಾಚೆ ಆರ್‌ಎಚ್‌ಎಲ್‌ಬಿ ಎಂಬ ಹೆಲಿಕೇಸ್ (ಆರ್‌ಎನ್‌ಎಯ ಮಡಿಕೆ ಬಿಡಿಸುವ ಕಿಣ್ವ), ಗ್ಲೂಕೋಸ್ ವಿಭಜನೆಯಲ್ಲಿಯೂ ಪಾಲ್ಗೊಳ್ಳುವ ಎನೊಲೇಸ್, ಕಟ್ಟಕಡೆಗೆ ಆರ್‌ಎನ್‌ಎಯನ್ನು ತುದಿಯಿಂದ ಕರಗಿಸುವ ಪಿಎನ್‌ಪೇಸ್ ಕಿಣ್ವ ಕ್ರಮವಾಗಿ ನೆಲೆಗೊಳ್ಳುತ್ತವೆ. ಕೊನೆಯ ತುಣುಕನ್ನು ಪಿಎನ್‌ಪೇಸ್ ಜೊತೆ ಸೇರಿಸಿ ಸ್ಫಟಿಕವಾಗಿಸಿ ನೋಡಿದ್ದಾರೆ: ಅದು ಆ ಕಿಣ್ವದ ಬೀಟಾ ಹಾಳೆಯ (ಪ್ರೋಟೀನಿನ ಎಳೆಗಳು ಪಕ್ಕಪಕ್ಕ ಸೇರಿ ಆದ ಹಾಳೆಯ) ಅಂಚಿಗೆ ಇನ್ನೊಂದು ಎಳೆಯಾಗಿ ಸೇರಿಕೊಂಡಿರುತ್ತದೆ. ಅಂದರೆ ಅದಕ್ಕೆ ನಿಶ್ಚಿತ ಆಕಾರ ದೊರೆಯುವುದು ಸಂಗಾತಿಯ ಮೈಮೇಲೆ. ನನ್ನ ದೃಷ್ಟಿಯಲ್ಲಿ ಇಡೀ ರಚನೆಯ ಅತ್ಯಂತ ಸುಂದರ ಅಂಶ ಇದೇ.

ಇಂತಹ ವ್ಯವಸ್ಥೆಯ ಪ್ರಯೋಜನ ಕೆಲಸದಲ್ಲಿ ಕಾಣುತ್ತದೆ. ಆರ್‌ಎನ್‌ಏಸ್ ಇ ಕತ್ತರಿಸಿದ ತುಂಡನ್ನು ಪಿಎನ್‌ಪೇಸ್ 3' ಎಂಬ ಅದರ ಹಿಂತುದಿಯಿಂದ ಕರಗಿಸುತ್ತ ಬರುತ್ತದೆ, ಆದರೆ ಆರ್‌ಎನ್‌ಎ ತನ್ನ ಮೇಲೆ ತಾನೇ ಮಡಚಿಕೊಂಡು ಗಟ್ಟಿ ಜೋಡಿಯಾದ ಕಡೆ ಅದು ನಿಂತುಬಿಡುತ್ತದೆ. ಆಗ ಪಕ್ಕದಲ್ಲೇ ಇರುವ ಹೆಲಿಕೇಸ್ ಕೋಶದ ಇಂಧನವಾದ ಎಟಿಪಿ ವ್ಯಯಿಸಿ ಆ ಮಡಿಕೆಯನ್ನು ಬಿಡಿಸುತ್ತದೆ. ಒಡೆಯಬೇಕಾದ ಎಂಆರ್‌ಎನ್‌ಎಗಳ ಉದ್ದವೂ ಮಡಿಕೆಯೂ ಒಂದೊಂದು ಬಗೆಯಾಗಿರುವಾಗ, ಬಾಗಬಲ್ಲ ಆಧಾರವೇ ಅನುಕೂಲವೆಂದು ತೋರುತ್ತದೆ. ಈ ಸಡಿಲ ಭಾಗವನ್ನು ತೆಗೆದುಹಾಕಿದರೂ ಬ್ಯಾಕ್ಟೀರಿಯಾ ಬದುಕುತ್ತದೆ, ಆದರೆ ಅದರ ಅನೇಕ ಎಂಆರ್‌ಎನ್‌ಎಗಳು ಮೊದಲಿಗಿಂತ ನಿಧಾನವಾಗಿ ಒಡೆಯುತ್ತವೆ.

ಎಲ್ಲ ಆಧಾರ ಪ್ರೋಟೀನುಗಳೂ ಹೀಗೆಯೇ ಇರುವುದಿಲ್ಲ. ನಮ್ಮ ಜೀವಕೋಶಗಳಲ್ಲಿ ಎಂಆರ್‌ಎನ್‌ಎಯ ಪಾಲಿ-ಎ ಬಾಲವನ್ನು (ಕೊನೆಯಲ್ಲಿರುವ ಎ ಅಕ್ಷರಗಳ ಸಾಲನ್ನು) ಕತ್ತರಿಸುವ ಸಂಕೀರ್ಣಕ್ಕೆ ಆಧಾರವಾದ ಸಿಎನ್‌ಒಟಿ1, ಸುರುಳಿಗಳು ಒಂದರ ಪಕ್ಕ ಒಂದು ಒತ್ತಾಗಿ ಕೂತ ದೊಡ್ಡ ಗಟ್ಟಿ ಖಂಡಗಳನ್ನು ಹೊಂದಿದೆ. ಆದರೂ ಅಲ್ಲಿಗೆ ಎಂಆರ್‌ಎನ್‌ಎಯನ್ನು ತಂದೊಪ್ಪಿಸುವ ಟ್ರಿಸ್ಟೆಟ್ರಾಪ್ರೋಲಿನ್ ಪ್ರೋಟೀನು, ತನ್ನ ಕೊನೆಯ ಸಡಿಲ ತುಣುಕು ಸಿಎನ್‌ಒಟಿ1ರ ಮೇಲೆ ಸುರುಳಿಯಾಗಿ ಕೂರುವುದರಿಂದಲೇ ಅದನ್ನು ಹಿಡಿಯುತ್ತದೆ.