ಹಳೆಯ ರೀಲು ಕ್ಯಾಮೆರಾಗಳನ್ನು ಕೊಡಲು ಮನಸ್ಸೇ ಬರುತ್ತಿಲ್ಲ, ಏನು ಮಾಡಲಿ?

ನೀವು ಕೇಳಿದ್ದು ಇಷ್ಟು: ಗದಗಿನ ಹಳೆಯ ಮನೆ ಬಿಟ್ಟು ಹುಬ್ಬಳ್ಳಿಯಲ್ಲಿ ಫ್ಲ್ಯಾಟಿಗೆ ಹೋಗುತ್ತಿದ್ದೀರಿ. ಕಪಾಟಿನ ತುಂಬ ರೀಲು ಕ್ಯಾಮೆರಾಗಳಿವೆ. ಕೆಲವು ನಿಮ್ಮ ತಂದೆಯವರವು, ಉಳಿದವು ನೀವೇ ಕೂಡಿಹಾಕಿದವು. ಹೊಸ ಮನೆಯಲ್ಲಿ ಜಾಗ ಇಲ್ಲ, ಮಾರಲು ಮನಸ್ಸಿಲ್ಲ, ಸುಮ್ನೆ ಯಾರಿಗಾದರೂ ಕೊಡಲು ಅಂತೂ ಇನ್ನೂ ಮನಸ್ಸಿಲ್ಲ.

ನಾನು ಧಾರವಾಡದವಳು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದೆ. ನಮ್ಮ ಮನೆಯಲ್ಲೂ ಇಂಥದೇ ಒಂದು ಕಪಾಟಿತ್ತು, ಈಗ ಅದರಲ್ಲಿ ಅರ್ಧವೂ ಉಳಿದಿಲ್ಲ. ಹೇಗೆ ಖಾಲಿ ಮಾಡಿದೆ ಅಂತ ಹೇಳುತ್ತೇನೆ, ನಿಮಗೆ ಸರಿ ಕಂಡದ್ದನ್ನು ತೆಗೆದುಕೊಳ್ಳಿ.

ಇಡೀ ಕಪಾಟನ್ನು ಒಟ್ಟಿಗೆ ಬಿಡಬೇಕು ಅಂತ ಯೋಚನೆ ಮಾಡಿದರೆ ಯಾರಿಗೂ ಮನಸ್ಸು ಬರುವುದಿಲ್ಲ. ಒಂದೊಂದನ್ನೇ ಹೊರಗೆ ತೆಗೆದು ಟೇಬಲ್ ಮೇಲಿಡಿ. ಆಗ ಗೊತ್ತಾಗುತ್ತದೆ, ಎಲ್ಲದರ ಮೇಲೂ ನಿಮಗೆ ಅಷ್ಟೇ ಪ್ರೀತಿ ಇಲ್ಲ ಅಂತ. ಡಿಜಿಟಲ್ ಬಂದಮೇಲೆ ನಮ್ಮ ಅವಳಿ ನಗರದ ಸ್ಟುಡಿಯೋದವರು ಹಳೆಯ ಸಾಮಾನನ್ನು ಹೊರಗೆ ಹಾಕುತ್ತಿದ್ದರಲ್ಲ, ಆಗ ನಾನು ಸಿಕ್ಕಿದ್ದನ್ನೆಲ್ಲ ತಂದೆ. ಆಗ್ಫಾ ಕ್ಲಿಕ್ ಥ್ರೀ ಒಂದೇ ಐದಾರು ಇದ್ದವು! ಬರೋಡಾದಲ್ಲಿ ತಯಾರಾಗುತ್ತಿದ್ದ ಕ್ಯಾಮೆರಾ ಅದು, ಒಂದು ಕಾಲಕ್ಕೆ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇತ್ತು. 120 ನಂಬರಿನ ರೋಲು ಒಂದು ಹಾಕಿದರೆ 12 ಫೋಟೋ ಬರುತ್ತಿತ್ತು. ಒಂದನ್ನು ಇಟ್ಟುಕೊಂಡು ಉಳಿದವನ್ನು ಕೊಡುವಾಗ ನನಗೆ ಏನೂ ಅನ್ನಿಸಲಿಲ್ಲ, ನಿಜವಾಗಿ. ಮೊದಲು ಇಂಥವನ್ನೇ ಕೊಡಿ. ನಿಮ್ಮ ತಂದೆಯವರ ಕ್ಯಾಮೆರಾಗಳ ವಿಷಯವನ್ನು ಕೊನೆಗೆ ಇಟ್ಟುಕೊಳ್ಳಿ, ಬೇಕಾದರೆ ಆ ವಿಷಯಕ್ಕೆ ಬರಲೇಬೇಡಿ. ಒಂದೆರಡು ಕ್ಯಾಮೆರಾಕ್ಕೆ ಜಾಗ ಇಲ್ಲದಷ್ಟು ಸಣ್ಣ ಫ್ಲ್ಯಾಟು ಹುಬ್ಬಳ್ಳಿಯಲ್ಲಿ ಇನ್ನೂ ಕಟ್ಟಿಲ್ಲ.

ಕೊಡುವ ಮುಂಚೆ ಒಂದು ಕೆಲಸ ಇದೆ, ಇದನ್ನು ಮಾತ್ರ ಮರೆಯಬೇಡಿ. ಒಳಗೆ ರೀಲು ಇದೆಯಾ ನೋಡಿ. ಹಿಂದಿನ ಬಾಗಿಲು ತೆಗೆದು ನೋಡಬೇಡಿ, ಬೆಳಕು ಬಿದ್ದರೆ ಮುಗಿಯಿತು. 35 ಎಂಎಂ ಕ್ಯಾಮೆರಾ ಆದರೆ ಮೇಲೆ ಎಡಗಡೆ ರೀಲು ಸುತ್ತುವ ಗುಂಡಿ ಇರುತ್ತದೆ, ಅದರ ಮೇಲಿನ ಬಾಣದ ದಿಕ್ಕಿಗೆ ಮೆಲ್ಲಗೆ ತಿರುಗಿಸಿ. ಸಲೀಸಾಗಿ ತಿರುಗುತ್ತಲೇ ಇದ್ದರೆ ಖಾಲಿ. ಸ್ವಲ್ಪ ತಿರುಗಿ ಬಿಗಿಯಾದರೆ ಒಳಗೆ ರೀಲು ಇದೆ ಅಂತ ಅರ್ಥ. ಹೆಚ್ಚಾಗಿ ತಳದಲ್ಲಿರುವ ಸಣ್ಣ ಗುಂಡಿ ಒತ್ತಿ ಪೂರ್ತಿ ಸುತ್ತಿಕೊಂಡ ಮೇಲೆಯೇ ಬಾಗಿಲು ತೆಗೆಯಿರಿ. ಕ್ಲಿಕ್ ಥ್ರೀಯಂಥದ್ದರಲ್ಲಿ ಹಿಂದುಗಡೆ ಕೆಂಪು ಕಿಟಕಿ ಇದೆ, ಅಲ್ಲಿ ನಂಬರ್ ಕಂಡರೆ ರೋಲು ಇನ್ನೂ ಒಳಗೇ ಇದೆ. ಕಪ್ಪು ಬಿಳುಪು ರೀಲಾದರೆ ಎಷ್ಟೋ ವರ್ಷ ಆಗಿದ್ದರೂ ತೊಳೆಸಿದರೆ ಏನಾದರೂ ಮೂಡುವ ಸಾಧ್ಯತೆ ಇರುತ್ತದೆ. ಕಲರ್ ರೀಲಿನ ಮೇಲೆ ಅಷ್ಟು ಆಸೆ ಇಟ್ಟುಕೊಳ್ಳಬೇಡಿ, ಬಣ್ಣ ಹೋಗಿರುತ್ತದೆ, ಆದರೂ ತೊಳೆಸಿ ನೋಡಿ. ನಾನು ಬೆಂಗಳೂರಿಗೆ ಕೊರಿಯರ್ ಮಾಡುತ್ತೇನೆ.

ಇನ್ನು 'ಕೊಟ್ಟರೆ ಹಾಳು ಮಾಡುತ್ತಾರೆ, ನನ್ನ ಹತ್ತಿರ ಇದ್ದರೆ ಚೆನ್ನಾಗಿರುತ್ತದೆ' ಅಂತ ಬರೆದಿದ್ದೀರಿ. ಇಲ್ಲಿ ನಾನು ಸ್ವಲ್ಪ ಜಗಳ ಮಾಡುತ್ತೇನೆ. ಗದಗಿನ ಒಣ ಹವೆಯಲ್ಲಿ ಇಷ್ಟು ದಿನ ಉಳಿದಿರಬಹುದು. ಈ ಕಡೆ ಮಳೆ ಜಾಸ್ತಿ. ಧಾರವಾಡದಲ್ಲಂತೂ ಜಿಟಿಜಿಟಿ ಹಿಡಿದರೆ ವಾರಗಟ್ಟಲೆ ಬಟ್ಟೆ ಒಣಗುವುದಿಲ್ಲ, ಹುಬ್ಬಳ್ಳಿಯೇನು ದೂರ ಇಲ್ಲ. ಕತ್ತಲೆ, ತೇವ, ಗಾಳಿ ಆಡದ ಜಾಗ, ಇಷ್ಟು ಸಿಕ್ಕರೆ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಟಾರ್ಚ್ ಹಾಕಿ ಲೆನ್ಸಿನ ಒಳಗೆ ನೋಡಿ, ಜೇಡರ ಬಲೆಯ ಎಳೆಗಳ ಹಾಗೆ ಬೆಳ್ಳಗೆ ಕವಲು ಕವಲಾಗಿ ಕಂಡರೆ ಅದೇ. ಅದು ಬಿಡುವ ಆಮ್ಲ ಗಾಜಿನ ಮೇಲಿನ ಲೇಪವನ್ನು ತಿನ್ನುತ್ತದೆ, ತಡ ಮಾಡಿದರೆ ಒರೆಸಿದರೂ ಗುರುತು ಹೋಗುವುದಿಲ್ಲ. ಎಲ್ಲರೂ ಪ್ರೀತಿಯಿಂದ ಕಾಪಾಡುವ ಆ ಚರ್ಮದ ಕೇಸು ಇದೆಯಲ್ಲ, ಅದೇ ದೊಡ್ಡ ಶತ್ರು. ತೇವ ಹೀರಿ ಒಳಗೇ ಇಟ್ಟುಕೊಳ್ಳುತ್ತದೆ. ಕೇಸು ಬೇರೆ, ಕ್ಯಾಮೆರಾ ಬೇರೆ ಇಡಿ.

ಬೂಷ್ಟು ಒಂದೇ ಅಲ್ಲ. ಬಾಗಿಲಿನ ಅಂಚಿಗೆ ಬೆಳಕು ಬೀಳದಂತೆ ಹಾಕಿದ ಸ್ಪಂಜು ಕರಗಿ ಡಾಂಬರಿನಂತೆ ಅಂಟಾಗುತ್ತದೆ. ಮರೆತುಬಿಟ್ಟ ಬ್ಯಾಟರಿ ಸೋರುತ್ತದೆ. ಶಟರ್ ಒತ್ತದೆ ಹಾಗೇ ಇಟ್ಟರೆ ಎಣ್ಣೆ ಗಟ್ಟಿಯಾಗಿ ಸ್ಪೀಡು ನಿಧಾನವಾಗುತ್ತದೆ. ಒಂದು ಸೆಕೆಂಡಿಗೆ ಇಟ್ಟು ಒತ್ತಿದರೆ ಕಿರ್ರ್ ಅಂತ ಅರ್ಧಕ್ಕೇ ನಿಲ್ಲುವ ಕ್ಯಾಮೆರಾಗಳನ್ನು ಎಷ್ಟು ನೋಡಿದ್ದೇನೋ. ಹಾಗಾಗಿ ಕಪಾಟಿನಲ್ಲಿದ್ದರೆ ಭದ್ರ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ರೀಲು ಹಾಕಿ ತಿಂಗಳಿಗೊಮ್ಮೆ ಶಟರ್ ಒತ್ತುವ ಹುಡುಗನ ಕೈಯಲ್ಲಿ ಅದು ಜಾಸ್ತಿ ದಿನ ಬಾಳುತ್ತದೆ, ಅವನು ಒಂದೆರಡು ಸಲ ಕೆಳಗೆ ಬೀಳಿಸಿದರೂ.

ಇಟ್ಟುಕೊಳ್ಳುವವನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಬಣ್ಣ ಬದಲಾದರೆ ಮತ್ತೆ ಬಿಸಿ ಮಾಡಿ ಒಣಗಿಸಬಹುದು, ಆದರೆ ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದನ್ನು ದಯವಿಟ್ಟು ಒಗ್ಗರಣೆ ಹಾಕುವ ಬಾಣಲೆಯಲ್ಲಿ ಹುರಿಯಬೇಡಿ. ಟೀಚರ್ ಬುದ್ಧಿ, ಹೇಳದೇ ಇರಲು ಆಗುವುದಿಲ್ಲ.

ಯಾರಿಗೆ ಕೊಡುವುದು? ಮ್ಯೂಸಿಯಂ ಅಂತ ಎಲ್ಲರೂ ಮೊದಲು ಯೋಚಿಸುತ್ತಾರೆ. ಗುರುಗ್ರಾಮದಲ್ಲಿ ಮ್ಯೂಸಿಯೋ ಕ್ಯಾಮೆರಾ ಅಂತ ಕ್ಯಾಮೆರಾಗಳಿಗೇ ಮೀಸಲಾದ ಮ್ಯೂಸಿಯಂ ಇದೆ, ನಿಮ್ಮ ಹತ್ತಿರ ನಿಜವಾಗಿ ಅಪರೂಪದ್ದು ಇದ್ದರೆ ಅವರನ್ನು ಕೇಳಿ. ಆದರೆ ನಮ್ಮಂಥವರ ಕಪಾಟಿನಲ್ಲಿ ಇರುವುದು ಹೆಚ್ಚಾಗಿ ಲಕ್ಷಗಟ್ಟಲೆ ತಯಾರಾದ ಕ್ಯಾಮೆರಾಗಳು. ಸೋವಿಯತ್ ರಷ್ಯಾದ ಝೆನಿಟ್ ಇ ಕ್ಯಾಮೆರಾ ಒಂದೇ 30 ಲಕ್ಷಕ್ಕೂ ಜಾಸ್ತಿ ಬಂದಿದೆ. ಅಂಥದ್ದು ಗಾಜಿನ ಹಿಂದೆ ಕೂತು ಏನು ಮಾಡಬೇಕು?

ನಾನು ಮೊದಲು ಕೊಟ್ಟಿದ್ದು ಶಾಲೆಯ ಲ್ಯಾಬಿಗೆ. ಕೆಟ್ಟುಹೋದ ಕ್ಯಾಮೆರಾ ಕೂಡ ಅಲ್ಲಿ ಕೆಲಸಕ್ಕೆ ಬರುತ್ತದೆ, ಗುಜರಿಗೆ ಹಾಕಬೇಡಿ. ಝೆನಿಟ್‌ನ ಹಿಂದಿನ ಬಾಗಿಲು ತೆಗೆದು, ರೀಲು ಕೂರುವ ಜಾಗಕ್ಕೆ ಒಂದು ತುಂಡು ಬಟರ್ ಪೇಪರ್ ಅಂಟಿಸಿ, ಶಟರನ್ನು 'ಬಿ'ಗೆ (ಒತ್ತಿ ಹಿಡಿದಷ್ಟು ಹೊತ್ತು ಶಟರ್ ತೆರೆದೇ ಇರುತ್ತದೆ) ಇಟ್ಟು ಒತ್ತಿ ಹಿಡಿದು, ಕಿಟಕಿಯ ಕಡೆ ತಿರುಗಿಸಿ ನೋಡಿ. ಹೊರಗಿನ ಬೇವಿನ ಮರ, ಸೈಕಲ್ ಸ್ಟ್ಯಾಂಡು, ಕಾಂಪೌಂಡು ಎಲ್ಲ ಬಣ್ಣ ಸಮೇತ ತಲೆಕೆಳಗಾಗಿ ಆ ಕಾಗದದ ಮೇಲೆ ಮೂಡುತ್ತದೆ. ಎಂಟನೆಯ ಕ್ಲಾಸಿನ ಹುಡುಗಿಯೊಬ್ಬಳು "ಟೀಚರ್, ಆಕಾಶ ಕೆಳಗ ಬಂದೈತ್ರಿ!" ಅಂತ ಕೂಗಿದ್ದಳು. ಆಮೇಲೆ ಕ್ಲಾಸು ನನ್ನ ಕೈಯಲ್ಲಿ ಉಳಿಯಲಿಲ್ಲ, ಎಲ್ಲರಿಗೂ ಒಂದು ಸಲ ಹಿಡಿಯಬೇಕು. ಪೀನ ಮಸೂರದ ಚಿತ್ರವನ್ನು ಬೋರ್ಡ್ ಮೇಲೆ ಎಷ್ಟು ವರ್ಷ ಬರೆದಿದ್ದೆ, ಇಷ್ಟು ಗಲಾಟೆ ಯಾವತ್ತೂ ಆಗಿರಲಿಲ್ಲ.

ಚೆನ್ನಾಗಿ ಕೆಲಸ ಮಾಡುವವನ್ನು ಫೋಟೋ ತೆಗೆಯುವವರಿಗೇ ಕೊಟ್ಟೆ, ಕೆಲವನ್ನು ದುಡ್ಡಿಗೆ, ಕೆಲವನ್ನು ಹಾಗೇ. ಚಿತ್ರಕಲೆ ಓದುವ ಹುಡುಗರು, ಮದುವೆ ಫೋಟೋ ತೆಗೆಯುವವರು, ಹೀಗೆ. ನನ್ನದೊಂದೇ ಷರತ್ತು: ಮನೆಗೆ ಬಂದು ನನ್ನ ಎದುರಿಗೆ ರೀಲು ಹಾಕಿ ತೋರಿಸಬೇಕು. ಒಂದು ರೀಲಿಗೇ ಈಗ ನೂರಾರು ರೂಪಾಯಿ ಆಗುತ್ತದೆ, ತೊಳೆಸುವುದು ಬೇರೆ. ರೀಲು ಕೊಂಡು ಬಂದಿದ್ದಾನೆ ಅಂದರೆ ಬರೀ ಶೋಕೇಸಿಗೆ ಅಲ್ಲ ಅಂತ ಧೈರ್ಯ ಬರುತ್ತದೆ. ಕೆಟ್ಟಿದೆಯೋ ಇಲ್ಲವೋ ಅಂತ ನೀವೂ ತಿಳಿದಿರಬೇಕು. ಯಾಶಿಕಾ ಎಲೆಕ್ಟ್ರೋ 35 ಇದ್ದರೆ, ಅದಕ್ಕೆ ಬೇಕಾದ 5.6 ವೋಲ್ಟಿನ ಪಾದರಸದ ಬ್ಯಾಟರಿ ಈಗ ಬರುವುದಿಲ್ಲ. ಅಡಾಪ್ಟರ್ ಹಾಕಿ 6 ವೋಲ್ಟಿನದನ್ನು ಬಳಸುತ್ತಾರೆ. ಬ್ಯಾಟರಿ ಇಲ್ಲದಿದ್ದರೆ ಎಲ್ಲ ಫೋಟೋಕ್ಕೂ 1/500 ಸೆಕೆಂಡಿನಲ್ಲೇ ಶಟರ್ ಬೀಳುತ್ತದೆ, ಅದನ್ನು ನೋಡಿ ಕೆಟ್ಟಿದೆ ಅಂತ ಚಿಲ್ಲರೆ ದುಡ್ಡಿಗೆ ಕೇಳುವವರಿದ್ದಾರೆ, ಹುಷಾರು.

ನನಗೆ ಕಷ್ಟವಾಗಿದ್ದು ಯಾಶಿಕಾ ಮ್ಯಾಟ್ 124ಜಿ. ಪಕ್ಕದ ಹಿಡಿಕೆಯನ್ನು ಮುಂದಕ್ಕೆ ಸುತ್ತಿ ಹಿಂದಕ್ಕೆ ತಂದರೆ ರೋಲೂ ಮುಂದೆ ಹೋಗುತ್ತದೆ, ಶಟರೂ ಸಿದ್ಧವಾಗುತ್ತದೆ. ಮೇಲಿಂದ ತಲೆಬಾಗಿಸಿ ನೋಡಬೇಕು, ಎಡಬಲ ಅದಲುಬದಲಾಗಿ ಕಾಣುತ್ತದೆ. ನನ್ನ ಮದುವೆಯ ಫೋಟೋ ತೆಗೆದಿದ್ದೇ ಅದರಲ್ಲಿ, ಆ ಸ್ಟುಡಿಯೋದವರು ಅಂಗಡಿ ಮುಚ್ಚುವಾಗ ಕರೆದು ಕೊಟ್ಟರು. ಅದನ್ನು ಕೊಟ್ಟಿಲ್ಲ, ಕೊಡುವುದೂ ಇಲ್ಲ. ಮಗ ಕೇಳಿದರೆ 'ನನ್ನ ನಂತರ ನಿನ್ನ ತಲೆನೋವು' ಅನ್ನುತ್ತೇನೆ.

ಒಂದು ವಿಷಯ ನಿಮ್ಮ ಪ್ರಶ್ನೆಯಲ್ಲಿ ಬರಲೇ ಇಲ್ಲ. ನೆಗೆಟಿವ್‌ಗಳು ಎಲ್ಲಿವೆ? ಕ್ಯಾಮೆರಾ ಇನ್ನೊಂದು ಸಿಗುತ್ತದೆ, ನಿಮ್ಮ ತಂದೆಯವರು ತೆಗೆದ ನೆಗೆಟಿವ್ ಸಿಗುವುದಿಲ್ಲ. ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿ ಮೊದಲು ರದ್ದಿಗೆ ಹೋಗುವುದೇ ಆ ಕವರುಗಳು. ಹುಳಿ ಹುಳಿ ವಿನೆಗರ್ ವಾಸನೆ ಬಂದರೆ ಫಿಲ್ಮು ಹಾಳಾಗಲು ಶುರುವಾಗಿದೆ ಅಂತ, ಅವನ್ನು ಬೇರೆ ತೆಗೆದಿಟ್ಟು ಮೊದಲು ಸ್ಕ್ಯಾನ್ ಮಾಡಿಸಿ. ಕ್ಯಾಮೆರಾದ ಯೋಚನೆಯನ್ನು ಆಮೇಲೆ ಮಾಡಿದರೂ ನಡೆಯುತ್ತದೆ.

ಹಾಂ, ಝೆನಿಟ್ ಇದ್ದರೆ ಒಂದು ಎಚ್ಚರ. ಅದರ ಜೊತೆ ಬರುವ ಹೆಲಿಯೋಸ್ 58 ಎಂಎಂ ಲೆನ್ಸಿಗೆ ಈಗ ಬೇಡಿಕೆ ಇದೆ, ಹಿಂದಿನ ಮಸುಕು ಸುಳಿ ಸುಳಿಯಾಗಿ ಬರುತ್ತದೆ ಅಂತ ಅಡಾಪ್ಟರ್ ಹಾಕಿ ಹೊಸ ಡಿಜಿಟಲ್ ಕ್ಯಾಮೆರಾಗಳಿಗೆ ಕೂರಿಸುತ್ತಾರೆ. ನಮ್ಮ ಮನೆಗೆ ಬಂದ ಒಬ್ಬ "ಬರೇ ಲೆನ್ಸ್ ಕೊಡ್ರಿ ಮೇಡಂ, ಡಬ್ಬಿ ನೀವ ಇಟ್ಕೋರಿ" ಅಂದ. ಚಹಾ ಕುಡಿಸಿ ಕಳಿಸಿದೆ. ಅದೇನು ತಪ್ಪಲ್ಲ, ಆದರೆ ಬಿಡಿಸಿ ಮಾರುವುದಾದರೆ ಅದಕ್ಕೆ ತಕ್ಕ ಬೆಲೆ ಕೇಳಿ. ಲೆನ್ಸ್ ಇಲ್ಲದ ಕ್ಯಾಮೆರಾ ಡಬ್ಬಿ ಉಳಿದರೆ ನನಗೆ ತಿಳಿಸಿ, ಹಾವೇರಿಯಲ್ಲಿ ಒಬ್ಬ ಹುಡುಗನ ಹತ್ತಿರ ಲೆನ್ಸ್ ಇದೆ, ಡಬ್ಬಿ ಹುಡುಕುತ್ತಿದ್ದಾನೆ.