ಹಳೆಯ ಕಂಪ್ಯೂಟರನ್ನು ಮಳೆಗಾಲದಲ್ಲಿ ಕಾಪಾಡುವುದು, ಅದರೊಳಗಿನ ಫೈಲ್‌ಗಳನ್ನು ಉಳಿಸಿಕೊಳ್ಳುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ, ಡೆಸ್ಕ್‌ಟಾಪಿಗೆ ಎಂಟು ವರ್ಷ ದಾಟಿದೆ, ಮಳೆ ಹಿಡಿದರೆ ಕೆಲವು ದಿನ ಆನ್ ಆಗುವುದೇ ಇಲ್ಲ. ತಂದೆಯವರು ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಯಕ್ಷಗಾನ ಪ್ರಸಂಗಗಳು, ಕ್ಯಾಸೆಟ್ಟಿನಿಂದ ಇಳಿಸಿದ ತಾಳಮದ್ದಳೆಗಳು, ಮನೆಯ ಫೋಟೋಗಳು ಎಲ್ಲ ಅದರಲ್ಲೇ ಇವೆ. ಅಂಗಡಿಗೆ ಸರ್ವೀಸಿಗೆ ಕೊಡಲೋ, ನಾನೇ ಬಿಚ್ಚಲೋ?

ಎರಡೂ ಈಗ ಬೇಡ. ಯಂತ್ರ ಆನ್ ಆಗುವ ದಿನ ಮೊದಲು ನಕಲು ತೆಗೆಯಿರಿ, ಕ್ಯಾಬಿನೆಟ್ಟಿನ ಸ್ಕ್ರೂಗೆ ಕೈ ಹಾಕುವುದು ಆಮೇಲೆ. ಅಂಗಡಿಯಲ್ಲಿ ತೊಂದರೆ ಏನೇ ಇದ್ದರೂ ಬೇಗ ಮುಗಿಯುವ ದಾರಿ ವಿಂಡೋಸನ್ನು ಹೊಸದಾಗಿ ಹಾಕುವುದು. ಆಗ ಸಿ ಡ್ರೈವ್ ಅಳಿಯುತ್ತದೆ. ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಫೋಲ್ಡರುಗಳು ಸಾಮಾನ್ಯವಾಗಿ ಇರುವುದು ಸಿ ಡ್ರೈವಿನಲ್ಲೇ ಎಂಬುದು ಬಹಳ ಜನರ ಗಮನಕ್ಕೆ ಬಂದಿರುವುದಿಲ್ಲ. ಡಿ ಡ್ರೈವಿಗೆ ನಕಲು ಹಾಕಿಟ್ಟರೂ ಅದು ಬ್ಯಾಕಪ್ ಅಲ್ಲ, ಎರಡೂ ಒಂದೇ ಡಿಸ್ಕಿನ ಭಾಗಗಳಾಗಿರುತ್ತವೆ.

ಎಷ್ಟು ಜಾಗ ಬೇಕೆಂದು ಮೊದಲು ಲೆಕ್ಕ ಹಾಕಿ. ಸಿಡಿ ಗುಣಮಟ್ಟದ ವೇವ್ ಆಡಿಯೋ ಫೈಲ್ ಗಂಟೆಗೆ ಸುಮಾರು 635 ಎಂಬಿ ಆಗುತ್ತದೆ, ಅಂದರೆ ಒಂದು ಗಂಟೆಯ ನೂರು ಕ್ಯಾಸೆಟ್ಟಿಗೆ 64 ಜಿಬಿ ಹತ್ತಿರ. ಫೋಟೋಗಳೂ ಸೇರಿದರೆ 1 ಟಿಬಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಧಾರಾಳ. ಒಂದಲ್ಲ, ಎರಡು ಕೊಳ್ಳಿ. ಪೆನ್ ಡ್ರೈವ್ ಸಾಗಿಸಲಿಕ್ಕೆ ಸರಿ, ವರ್ಷಗಟ್ಟಲೆ ಇಡಲಿಕ್ಕೆ ಅಲ್ಲ: ಕರೆಂಟಿಲ್ಲದೆ ಬಿದ್ದಿದ್ದರೆ ಅದರ ಚಿಪ್ಪಿನಲ್ಲಿರುವ ಚಾರ್ಜು ನಿಧಾನಕ್ಕೆ ಸೋರುತ್ತದೆ, ಕೆಡುವ ಮೊದಲು ಸೂಚನೆಯನ್ನೂ ಕೊಡುವುದಿಲ್ಲ. ಹೊಸ ಡಿಸ್ಕನ್ನು ಎನ್‌ಟಿಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಗೆ ಫಾರ್ಮ್ಯಾಟ್ ಮಾಡಿ. ನಕಲಿನ ನಡುವೆ ಕರೆಂಟು ಹೋದರೆ ಇನ್ನೊಂದು ವ್ಯವಸ್ಥೆಯಾದ ಎಕ್ಸ್‌ಫ್ಯಾಟ್‌ಗಿಂತ ಇದು ಚೆನ್ನಾಗಿ ಸುಧಾರಿಸಿಕೊಳ್ಳುತ್ತದೆ. ಹಳೆಯ ಫ್ಯಾಟ್32 ಆದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದೇ ಇಲ್ಲ.

ಕೇಬಲನ್ನು ಕ್ಯಾಬಿನೆಟ್ಟಿನ ಹಿಂಬದಿಯ ಯುಎಸ್‌ಬಿಗೆ ಚುಚ್ಚಿ. ಮುಂಬದಿಯ ಪೋರ್ಟುಗಳು ತೇವಕ್ಕೆ ಕಿಲುಬು ಹಿಡಿದು ಸಡಿಲವಾಗಿರುತ್ತವೆ, ನಕಲಿನ ಮಧ್ಯದಲ್ಲಿ ಡಿಸ್ಕ್ ಬಿಟ್ಟುಹೋಗುತ್ತದೆ. ತಾರೀಕು ಹಾಕಿದ ಫೋಲ್ಡರ್ ಮಾಡಿ ಕಾಪಿ-ಪೇಸ್ಟ್ ಮಾಡಿ, ಕಟ್ ಮಾಡಬೇಡಿ. ಮುಗಿದ ಮೇಲೆ ಎರಡೂ ಫೋಲ್ಡರುಗಳ ಪ್ರಾಪರ್ಟೀಸ್ ತೆರೆದು ಫೈಲ್‌ಗಳ ಸಂಖ್ಯೆ, ಬೈಟುಗಳ ಲೆಕ್ಕ ಎರಡನ್ನೂ ಹೋಲಿಸಿ. ನೋಡಬೇಕಾದದ್ದು ‘ಸೈಜ್’ ಎಂಬ ಸಾಲು. ಅದರ ಕೆಳಗಿನ ‘ಸೈಜ್ ಆನ್ ಡಿಸ್ಕ್’ ಡಿಸ್ಕಿನಿಂದ ಡಿಸ್ಕಿಗೆ ಬೇರೆಯಾಗುವುದು ಸಹಜ.

ಹಳೆಯ ಡಿಸ್ಕ್ ಟಕ್ ಟಕ್ ಎನ್ನುತ್ತಿದ್ದರೆ ಅಥವಾ ಒಂದೇ ಫೈಲಿನಲ್ಲಿ ನಿಂತುಬಿಟ್ಟರೆ ಮತ್ತೆ ಮತ್ತೆ ಪ್ರಯತ್ನಿಸಬೇಡಿ, ಯಂತ್ರ ಆಫ್ ಮಾಡಿ ಡೇಟಾ ರಿಕವರಿ ಮಾಡುವವರಿಗೆ ತೋರಿಸಿ. ಶಬ್ದವೇನೂ ಇಲ್ಲದಿದ್ದರೆ ನಕಲಾದ ಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ನೋಡಿ. ಡಿಸ್ಕಿನ ಕೆಟ್ಟ ಜಾಗಗಳನ್ನು ಎಣಿಸುವ 05, ಸಿ5, ಸಿ6 ಸಾಲುಗಳ ಕೊನೆಯ ಅಂಕಣ ಸೊನ್ನೆಯಲ್ಲದೆ ವಾರವಾರವೂ ಏರುತ್ತಿದ್ದರೆ ಡಿಸ್ಕ್ ಮುಗಿಯುತ್ತ ಬಂದಿದೆ. ಸಿ7 ಮಾತ್ರ ಏರುತ್ತಿದ್ದರೆ ಹೆಚ್ಚಾಗಿ ದೋಷ ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲಿನದು, ಅದನ್ನಷ್ಟೇ ಬದಲಿಸಿ ನೋಡಿ.

ನುಡಿಯ ಫೈಲ್‌ಗಳ ವಿಷಯ ಬೇರೆಯೇ. ಅದಕ್ಕೆ ನಕಲೊಂದೇ ಸಾಲದು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಕನ್ನಡ ಅಕ್ಷರಗಳು ಕುಳಿತಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಜಾಗದಲ್ಲಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಪ್ರಸಂಗ ತೆರೆದರೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳು. ಆದ್ದರಿಂದ ಮೂಲ ಫೈಲಿನ ಜೊತೆಗೆ ಅದರ ಫಾಂಟ್ ಫೈಲ್, ಒಂದು ಪಿಡಿಎಫ್, ಎಲ್ಲ ಯಂತ್ರಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ ಯೂನಿಕೋಡಿಗೆ ಪರಿವರ್ತಿಸಿದ ಒಂದು ಪ್ರತಿ, ಇಷ್ಟನ್ನೂ ಒಂದೇ ಫೋಲ್ಡರಿನಲ್ಲಿಡಿ. ಪಿಡಿಎಫ್ ಏಕೆಂದರೆ ತಂದೆಯವರು ಪುಟದಲ್ಲಿ ಕಂಡದ್ದು ಹಾಗೇ ಉಳಿಯುತ್ತದೆ, ಫಾಂಟ್ ಅದರೊಳಗೇ ಸೇರಿರುತ್ತದೆ. ಯೂನಿಕೋಡ್ ಏಕೆಂದರೆ ನಾಳೆ ಹುಡುಕಲಿಕ್ಕೆ, ತಿದ್ದಲಿಕ್ಕೆ, ಮೊಬೈಲಿನಲ್ಲಿ ಓದಲಿಕ್ಕೆ ಅದೇ ಬೇಕು. ಪರಿವರ್ತಕ ತಪ್ಪುವುದು ಹೆಚ್ಚಾಗಿ ಅರ್ಕಾವೊತ್ತಿನಲ್ಲಿ, ಏಕೆಂದರೆ ಹಳೆಯ ಫಾಂಟುಗಳಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ಮೊದಲೇ ಬರಬೇಕು. ಅರ್ಜುನ, ಕರ್ಣ, ದುರ್ಯೋಧನ ಇರುವ ಸಾಲುಗಳನ್ನು ಮೊದಲು ಹುಡುಕಿ ನೋಡಿದರೆ ತಪ್ಪಾಗಿದೆಯೋ ಇಲ್ಲವೋ ಬೇಗ ತಿಳಿಯುತ್ತದೆ. ನಡುವೆ ಇಂಗ್ಲಿಷ್ ಪದಗಳಿದ್ದರೆ ಅವೂ ಕನ್ನಡ ಅಕ್ಷರಗಳ ಕಲಸುಮೇಲೋಗರವಾಗಿರುತ್ತವೆ, ಕೈಯಲ್ಲೇ ತಿದ್ದಬೇಕು. ಪದ್ಯಗಳ ಮೇಲೆ ಬರೆದ ರಾಗ-ತಾಳಗಳ ಹೆಸರು ಬಿಟ್ಟುಹೋಗಿಲ್ಲವೆಂದು ಪಿಡಿಎಫ್ ಪಕ್ಕದಲ್ಲಿಟ್ಟು ಓದಿ. ಬೇಸರದ ಕೆಲಸ ನಿಜ, ಆದರೆ ತಂದೆಯವರು ಹತ್ತಿರ ಇರುವಾಗಲೇ ಮಾಡಿದರೆ ಸಂಶಯ ಬಂದ ಕಡೆ ಅವರನ್ನೇ ಕೇಳಬಹುದು.

ಮೊದಲ ಡಿಸ್ಕ್ ಮನೆಯಲ್ಲಿರಲಿ. ವಾರಕ್ಕೊಮ್ಮೆ ಜೋಡಿಸಿ, ಹೊಸದನ್ನು ಸೇರಿಸಿ, ಇಜೆಕ್ಟ್ ಮಾಡಿ ಕಳಚಿಡಿ. ಸದಾ ಸಿಕ್ಕಿಸಿಟ್ಟರೆ ಸಿಡಿಲೂ ಫೈಲ್‌ಗಳಿಗೆ ಬೀಗ ಹಾಕುವ ವೈರಸ್ಸೂ ಯಂತ್ರವನ್ನೂ ಡಿಸ್ಕನ್ನೂ ಒಟ್ಟಿಗೆ ಕೆಡಿಸುತ್ತವೆ. ಎರಡನೆಯದು ಮಂಗಳೂರಲ್ಲೋ ಪುತ್ತೂರಲ್ಲೋ ಇರುವ ನೆಂಟರ ಮನೆಯ ಕಪಾಟಿನಲ್ಲಿ ಇರಲಿ, ಮದುವೆ ಮುಂಜಿಗೆ ಹೋಗುವಾಗ ಅದಲು ಬದಲು ಮಾಡಿ. ಡಿಸ್ಕನ್ನು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಗೂಗಲ್ ಡ್ರೈವ್ ಉಚಿತವಾಗಿ ಕೊಡುವುದು 15 ಜಿಬಿ, ಮೇಲ್ ಮತ್ತು ಫೋಟೋಗಳೂ ಅದರಲ್ಲೇ ಸೇರಿ. ಪ್ರಸಂಗಗಳ ಬರಹಕ್ಕೆ ಅದು ಬೇಕಾದಷ್ಟಾಯಿತು, ಆಡಿಯೋಗೆ ಸಾಲದು. ಸಿಂಕ್ ಆದ ಫೋಲ್ಡರಿನಲ್ಲಿ ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ, 30 ದಿನದ ನಂತರ ಟ್ರ್ಯಾಶಿನಿಂದಲೂ ಹೋಗುತ್ತದೆ. ಅದನ್ನೊಂದೇ ನಂಬಬೇಡಿ.

ಇಷ್ಟಾದ ಮೇಲೆ ಯಂತ್ರ ಬಿಚ್ಚಿ. ಮಳೆಯಲ್ಲಿ ಆನ್ ಆಗದಿರುವುದಕ್ಕೆ ನಾನು ಮೊದಲು ಸಂಶಯಪಡುವುದು ರ‍್ಯಾಮನ್ನು. ಪ್ಲಗ್ ಕಿತ್ತು ಪವರ್ ಬಟನ್ನನ್ನು ಹದಿನೈದು ಸೆಕೆಂಡು ಒತ್ತಿ ಹಿಡಿಯಿರಿ, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹ ಮುಟ್ಟಿ, ರ‍್ಯಾಮ್ ತೆಗೆದು ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಕೊಂಡಿ ಕ್ಲಿಕ್ ಎನ್ನುವವರೆಗೆ ಒತ್ತಿ ಕೂರಿಸಿ. ಗಡಿಯಾರ ಆಗಾಗ ಹಿಂದೆ ಹೋಗುತ್ತಿದ್ದರೆ ಸಿಆರ್2032 ಬಟನ್ ಸೆಲ್ ಬದಲಿಸಿ. ತಾರೀಕು ತಪ್ಪಿದರೆ ಬ್ಯಾಂಕಿನ ಜಾಲತಾಣಗಳೂ ತೆರೆಯುವುದಿಲ್ಲ. ಧೂಳನ್ನು ಜಗಲಿಯಲ್ಲಿಟ್ಟು ಬ್ಲೋವರಿನಿಂದ ಊದಿ, ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಲ್ಲಿ ಹಿಡಿದಿರಿ. ಒದ್ದೆ ಬಟ್ಟೆ ಬೇಡ. ಎಸ್‌ಎಂಪಿಎಸ್ ಎಂಬ ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ತೆರೆಯಬೇಡಿ, ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಅಪಾಯದ ಚಾರ್ಜು ಉಳಿದಿರುತ್ತದೆ. ಒಳಗೆ ಇರುವೆ, ಹಲ್ಲಿ ಸೇರಿದ್ದರೆ ಅದನ್ನೇ ಬದಲಿಸುವುದು ಒಳ್ಳೆಯದು. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ದಿನಕ್ಕೆ ಅರ್ಧ ಗಂಟೆ ಯಂತ್ರ ಓಡಿಸಿದರೆ ಆ ಬಿಸಿಗೆ ಒಳಗಿನ ತೇವ ಆರುತ್ತದೆ. ಪ್ಲಾಸ್ಟಿಕ್ ಹೊದಿಕೆ ತೇವವನ್ನು ಒಳಗೇ ಹಿಡಿದಿಡುತ್ತದೆ, ಹತ್ತಿ ಬಟ್ಟೆ ಸಾಕು.

ನಮ್ಮ ಕಡೆ ಕಂಪ್ಯೂಟರಿಗೆ ಜೂನ್‌ಗಿಂತ ಅಕ್ಟೋಬರ್-ನವೆಂಬರ್ ಹೆಚ್ಚು ಕಷ್ಟದ ಕಾಲ, ಮಧ್ಯಾಹ್ನದ ಮೇಲೆ ಸಿಡಿಲು. ಸ್ವಿಚ್ ಆಫ್ ಮಾಡಿದರೆ ಸಾಲದು, ಅದು ಒಂದು ತಂತಿಯನ್ನಷ್ಟೇ ಕಡಿಯುತ್ತದೆ. ದೂರದಲ್ಲಿ ಗುಡುಗು ಕೇಳುವಾಗಲೇ ಪ್ಲಗ್ ಕೀಳಿ, ಲ್ಯಾನ್ ಕೇಬಲನ್ನೂ ಕೀಳಿ. ಫೈಬರ್ ಗಾಜಿನ ಎಳೆ, ಅದರಲ್ಲಿ ಕರೆಂಟು ಬಾರದು; ಆದರೆ ಮೋಡೆಮಿನ ಅಡಾಪ್ಟರಿನಿಂದ ಬಂದದ್ದು ಲ್ಯಾನ್ ಕೇಬಲಿನ ಮೂಲಕ ಮದರ್‌ಬೋರ್ಡಿಗೆ ನುಗ್ಗುತ್ತದೆ. ವೈಫೈ ಬಳಸಿದರೆ ಆ ದಾರಿಯೇ ಇಲ್ಲ. 600 ವಿಎ ಯುಪಿಎಸ್ ಕೆಲವು ನಿಮಿಷ ಕೊಡುತ್ತದೆ, ಸರಿಯಾಗಿ ಶಟ್‌ಡೌನ್ ಮಾಡಲು ಅಷ್ಟು ಬೇಕು, ಸಿಡಿಲಿಗೆ ಅದು ತಡೆಯಲ್ಲ. ಬೇಸಿಗೆಯಲ್ಲಿ ಮುರಕಲ್ಲಿನ ನೆಲ ಒಣಗಿ ಅರ್ತಿಂಗ್ ದುರ್ಬಲವಾಗುತ್ತದೆ, ಗುಂಡಿಗೆ ಆಗಾಗ ನೀರು ಹೊಯ್ಯಿರಿ, ಎಲೆಕ್ಟ್ರಿಷಿಯನ್‌ನಿಂದ ಒಮ್ಮೆ ಅಳೆಸಿ.

ಕೊನೆಯದಾಗಿ, ವಿಂಡೋಸ್ 10 ಇದ್ದರೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಅದರ ಸಾಮಾನ್ಯ ಬೆಂಬಲ ನಿಲ್ಲಿಸಿದೆ. ನಿಮ್ಮ ಇಂಟೆಲ್ ಪ್ರೊಸೆಸರ್ 8ನೇ ತಲೆಮಾರಿನದಾದರೆ ವಿಂಡೋಸ್ 11 ಹಾಕಿಸಬಹುದು. ಜೊತೆಗೆ ತಿರುಗುವ ಭಾಗಗಳಿಲ್ಲದ, ವೇಗದ 256 ಜಿಬಿ ಎಸ್‌ಎಸ್‌ಡಿಯನ್ನೂ ಹಾಕಿಸಿ, ಹೊಸ ಯಂತ್ರ ಕೊಳ್ಳುವ ಅಗತ್ಯ ಸದ್ಯಕ್ಕೆ ಬರುವುದಿಲ್ಲ. ಅದಕ್ಕಿಂತ ಹಳೆಯದಾದರೆ ಪ್ರಸಂಗಗಳ ಪರಿವರ್ತನೆಗೆ ಈ ಯಂತ್ರವನ್ನೇ ಬಳಸಿ, ಹಣದ ವ್ಯವಹಾರವನ್ನು ಇದರಲ್ಲಿ ಮಾಡಬೇಡಿ.