ಮೋಟಾರು ಪ್ರಶ್ನೋತ್ತರ: ಟಾಪ್ ತೆರೆಯುವ ಹಳೇ ಕಾರು, ದಿನಾ ಮಂಗಳೂರಿಗೆ

ಪ್ರಶ್ನೆ: ಮನೆಯಲ್ಲಿ 1965ರ ಎಂಜಿಬಿ ರೋಡ್‌ಸ್ಟರ್ (ಬಟ್ಟೆ ಟಾಪಿನ ಬ್ರಿಟಿಷ್ ಕಾರು) ಇದೆ. ಎಂಜಿನ್ ಸದ್ದು ಚೆನ್ನಾಗಿದೆ. ಕುಂಬಳೆಯಿಂದ ಮಂಗಳೂರಿಗೆ ಕೆಲಸಕ್ಕೆ ಅದರಲ್ಲೇ ಹೋಗಿ ಬರಬಹುದೇ? ಭಾನುವಾರದ ಕಾರನ್ನು ದಿನಾ ಓಡಿಸಿದರೆ ಹಾಳಾಗುತ್ತದೆ ಎಂದು ಎಲ್ಲರೂ ಹೆದರಿಸುತ್ತಾರೆ.
— ಓದುಗರು, ಕುಂಬಳೆ

ಉತ್ತರ: ಹೆದರಿಸುವವರು ಅರ್ಧ ಮಾತ್ರ ಸರಿ. ನಮ್ಮ ಕರಾವಳಿಯಲ್ಲಿ ಈ ಕಾರುಗಳು ಓಡಿ ಕೆಡುವುದಕ್ಕಿಂತ ಶೆಡ್ಡಿನಲ್ಲಿ ನಿಂತು ಕೆಡುವುದೇ ಹೆಚ್ಚು. ಒಂದು ಮಳೆಗಾಲ ನಿಲ್ಲಿಸಿಟ್ಟರೆ ಹಿಂದಿನ ವೀಲ್ ಸಿಲಿಂಡರ್‌ನ ಪಿಸ್ಟನ್ ತುಕ್ಕಿಗೆ ಕಚ್ಚಿಕೊಳ್ಳುತ್ತದೆ, ಕ್ಲಚ್ ಪ್ಲೇಟ್ ಫ್ಲೈವೀಲ್‌ಗೆ ಅಂಟುತ್ತದೆ, ಕಾರ್ಬುರೇಟರ್‌ನ ಫ್ಲೋಟ್ ಬಟ್ಟಲಲ್ಲಿ ಪೆಟ್ರೋಲ್ ಆರಿ ಅಂಟಾಗುತ್ತದೆ. ದಿನಾ ಓಡುವ ಕಾರಿಗೆ ಈ ಮೂರೂ ಕಾಟ ಇಲ್ಲ.

ಆದರೆ ಲೆಕ್ಕ ಬದಲಾಗುತ್ತದೆ. ಹೋಗಿ ಬರುವುದು ದಿನಕ್ಕೆ ಸುಮಾರು 80 ಕಿ.ಮೀ. ತಿಂಗಳಿಗೆ 25 ದಿನವೆಂದರೆ 2,000 ಕಿ.ಮೀ. ಕಂಪನಿ ಹೇಳಿದ ಸರ್ವಿಸ್ ಅವಧಿ 3,000 ಮೈಲಿ, ಅಂದರೆ 5,000 ಕಿ.ಮೀ.ಗಿಂತ ಸ್ವಲ್ಪ ಕಡಿಮೆ. ಭಾನುವಾರ ಮಾತ್ರ ಓಡಿಸುವವರಿಗೆ ಎರಡು ವರ್ಷಕ್ಕೊಮ್ಮೆ ಬರುವ ಕೆಲಸ ನಿಮಗೆ ಎರಡೂವರೆ ತಿಂಗಳಿಗೊಮ್ಮೆ ಬರುತ್ತದೆ. ಅದರ ಜೊತೆಗೆ ವಾರಕ್ಕೊಂದು ಗಂಟೆ ಕಾರಿನ ಪಕ್ಕ ಕೂರುವ ತಾಳ್ಮೆ ಇದ್ದರೆ ಧಾರಾಳವಾಗಿ ಓಡಿಸಿ. ಇಲ್ಲದಿದ್ದರೆ ಬಸ್ಸೇ ವಾಸಿ.

ಎಂಜಿನ್ ವಿಷಯದಲ್ಲಿ ನಿಮಗೊಂದು ಅನುಕೂಲವಿದೆ. 1798 ಸಿಸಿಯ ಈ ಎಂಜಿನ್ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್. ನಮ್ಮ ಅಂಬಾಸಿಡರ್‌ನ ಹಳೆಯ 1489 ಸಿಸಿ ಪೆಟ್ರೋಲ್ ಎಂಜಿನ್ ಕೂಡ ಅದೇ ವಂಶದ್ದು. ಪಿಸ್ಟನ್, ಕ್ರ್ಯಾಂಕ್ ಅದಲುಬದಲಾಗುವುದಿಲ್ಲ, ನಿಜ. ಆದರೆ ಅಂಬಾಸಿಡರ್ ಬಿಚ್ಚಿ ಕೈ ಪಳಗಿದ ಮೇಸ್ತ್ರಿಗೆ ಈ ಎಂಜಿನ್ ಅಪರಿಚಿತವೇನಲ್ಲ. ಅಂಥವರು ಸಿಕ್ಕಿದರೆ ಬಿಡಬೇಡಿ. ತಣ್ಣಗಿದ್ದಾಗ ಟಪ್ಪೆಟ್ (ವಾಲ್ವ್) ಸಂದು 0.38 ಮಿ.ಮೀ., ಇಗ್ನಿಷನ್ ಪಾಯಿಂಟ್ ಸಂದು 0.35ರಿಂದ 0.40, ಸ್ಪಾರ್ಕ್ ಪ್ಲಗ್ ಸಂದು 0.64. ಆಯಿಲ್ 20ಡಬ್ಲ್ಯೂ-50, ಫಿಲ್ಟರ್ ಸೇರಿ ಸುಮಾರು 4 ಲೀಟರ್. ಕೊನೆಯ ಅರ್ಧ ಲೀಟರನ್ನು ಡಿಪ್‌ಸ್ಟಿಕ್ ನೋಡಿಯೇ ಸುರಿಯಿರಿ. ಇಂದಿನ ಕಾರುಗಳ ತೆಳು ಆಯಿಲ್ ಹಾಕಿದರೆ ಬಿಸಿಯಾದಾಗ ಪ್ರೆಶರ್ ಮುಳ್ಳು ಕೆಳಗೆ ಬೀಳುತ್ತದೆ. ಮುಂದಿನ ಚಕ್ರ ಹೊರಳಲು ಆಧಾರವಾದ ಕಿಂಗ್‌ಪಿನ್‌ಗೆ ಒಂದೊಂದು ಬದಿಗೆ ಮೂರು ಗ್ರೀಸ್ ನಿಪ್ಪಲ್ ಇವೆ. ಚಕ್ರವನ್ನು ಜಾಕ್‌ನಿಂದ ಎತ್ತಿ, ಭಾರ ತೆಗೆದ ಮೇಲೆಯೇ ಗನ್ ಹಿಡಿಯಿರಿ. ಭಾರ ಮೇಲಿದ್ದರೆ ಗ್ರೀಸ್ ಸವೆಯುವ ಬದಿಗೆ ಹೋಗದೆ ಸಲೀಸಾದ ಬದಿಯಲ್ಲೇ ಹೊರಗೆ ಬರುತ್ತದೆ.

ನಿಮ್ಮನ್ನು ನಿಜವಾಗಿ ಕಾಡುವುದು ವೇಗವಲ್ಲ, ನಿಂತು ನಿಂತು ಹೋಗುವುದು. ಹೆದ್ದಾರಿ 66ರ ಸರ್ವಿಸ್ ರಸ್ತೆಯಲ್ಲಿ ಮಧ್ಯಾಹ್ನ ಸಿಕ್ಕಿಕೊಂಡರೆ ಟೆಂಪರೇಚರ್ ಮುಳ್ಳು ಏರುತ್ತದೆ. ಫ್ಯಾನ್ ಎಂಜಿನ್ನಿಗೇ ಕಟ್ಟಿಕೊಂಡಿರುವುದರಿಂದ ಐಡ್ಲಿಂಗ್‌ನಲ್ಲಿ ಗಾಳಿ ಸಾಲದು. ಎಲೆಕ್ಟ್ರಿಕ್ ಫ್ಯಾನ್ ಹಾಕಿಸಿ ಎಂದು ಎಲ್ಲರೂ ಹೇಳುತ್ತಾರೆ. ಹಾಕಿಸುವ ಮೊದಲು ಕೂಡಿ ನೋಡಿ: ಹೆಡ್‌ಲೈಟ್‌ಗೆ ಸುಮಾರು 8 ಆಂಪಿಯರ್, ಫ್ಯಾನ್‌ಗೆ 8ರಿಂದ 10, ಇಗ್ನಿಷನ್‌ಗೆ 3ರಿಂದ 4, ವೈಪರ್‌ಗೆ 2ರಿಂದ 3. ಕರೆಂಟ್ ಹುಟ್ಟಿಸುವ ನಿಮ್ಮ ಡೈನಮೊ ಪೂರ್ತಿ ತಿರುಗಿದರೂ ಕೊಡುವುದು 22 ಆಂಪಿಯರ್, ಐಡ್ಲಿಂಗ್‌ನಲ್ಲಂತೂ ಹೆಚ್ಚುಕಡಿಮೆ ಸೊನ್ನೆ. ಜೂನ್ ತಿಂಗಳ ಸಂಜೆ ತಲಪಾಡಿಯಲ್ಲಿ ಅರ್ಧ ಗಂಟೆ ನಿಂತರೆ ಅಷ್ಟೂ ಹೊತ್ತು ಬ್ಯಾಟರಿ ಇಳಿಯುತ್ತಲೇ ಇರುತ್ತದೆ. ಮೊದಲು ಡೈನಮೊ ಬದಲಿಗೆ ಐಡ್ಲಿಂಗ್‌ನಲ್ಲೂ ಕರೆಂಟ್ ಕೊಡುವ ಆಲ್ಟರ್ನೇಟರ್, ಆಮೇಲೆ ಫ್ಯಾನ್. ಈ ಕ್ರಮ ತಪ್ಪಿಸಬೇಡಿ.

ಅದಕ್ಕೂ ಮೊದಲು ರೇಡಿಯೇಟರ್ ಬಿಚ್ಚಿಸಿ ಕೊಳವೆಗಳಿಗೆ ಸರಿಗೆ ಹಾಯಿಸಿ ತೊಳೆಸಿ. ಅರ್ಧ ಕಾರುಗಳಲ್ಲಿ ಅಷ್ಟರಿಂದಲೇ ಕೆಲಸ ಮುಗಿಯುತ್ತದೆ. ಕಡಲ ಪಕ್ಕದ ಬಾವಿಯ ಉಪ್ಪುನೀರು, ಗುಡ್ಡದ ಬೋರ್‌ವೆಲ್ಲಿನ ಕೆಂಪುನೀರು ಎರಡನ್ನೂ ರೇಡಿಯೇಟರ್‌ಗೆ ಹಾಕಬೇಡಿ. ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟ್ ಹಾಕಿ. ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ರೇಡಿಯೇಟರ್‌ಗೆ ನೀರು ಬಿಡುವ ಕವಾಟ) ಕಿತ್ತುಹಾಕುವ ನಾಟಿ ಮದ್ದು ಬೇಡ. ಮಳೆಗಾಲದ ಬೆಳಿಗ್ಗೆ ಎಂಜಿನ್ ಬಿಸಿಯೇ ಆಗದೆ ಆಯಿಲ್‌ಗೆ ಪೆಟ್ರೋಲೂ ತೇವವೂ ಸೇರಿ ಗಸಿಯಾಗುತ್ತದೆ. ಸೆಕೆಗೆ 74 ಡಿಗ್ರಿಯದು, ಇಲ್ಲವೇ 82ರದು ಸಾಕು. ದಾರಿಯಲ್ಲಿ ಮುಳ್ಳು ಏರಿದರೆ ಹೀಟರ್ ಪೂರ್ತಿ ತೆರೆದು ಬ್ಲೋವರ್ ಹಾಕಿ. ಹೀಟರ್ ಎಂದರೆ ಇನ್ನೊಂದು ಪುಟ್ಟ ರೇಡಿಯೇಟರ್ ತಾನೆ! ಟಾಪ್ ತೆರೆದಿದ್ದರೆ ಕಾಲು ಸ್ವಲ್ಪ ಬೇಯುತ್ತದೆ, ಎಂಜಿನ್ ಉಳಿಯುತ್ತದೆ. ಕಾಸರಗೋಡಿನಲ್ಲಿ ಹೀಟರ್‌ಗೆ ಬೇರೆ ಉಪಯೋಗವೂ ಇಲ್ಲ.

ಇನ್ನೆರಡು ಮಾತು. ನಿಮ್ಮ ಗೇರ್‌ಬಾಕ್ಸ್‌ನಲ್ಲಿ ಫಸ್ಟ್ ಗೇರಿಗೆ ಸಿಂಕ್ರೊ (ಗೇರುಗಳ ವೇಗ ಹೊಂದಿಸುವ ಭಾಗ) ಇಲ್ಲ. ಜಾಮಿನಲ್ಲಿ ಕಾರು ಉರುಳುತ್ತಿರುವಾಗ ಫಸ್ಟ್‌ಗೆ ಎಳೆದರೆ ಹಲ್ಲು ಕಿರುಗುಟ್ಟುತ್ತದೆ. ಪೂರ್ತಿ ನಿಲ್ಲಿಸಿ ಹಾಕಿ. ಬ್ರೇಕ್ ಒಂದೇ ಸರ್ಕ್ಯೂಟಿನದು, ಎಲ್ಲಿ ಸೋರಿದರೂ ನಾಲ್ಕು ಚಕ್ರವೂ ಹೋಯಿತು. ವಾರಕ್ಕೊಮ್ಮೆ ಕಾರು ನಿಂತಿರುವಾಗ ಪೆಡಲನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ. ಕಾಲಡಿಯಲ್ಲಿ ಅದು ಮೆಲ್ಲಗೆ ಕೆಳಗಿಳಿದರೆ, ಹೊರಗೆ ಒಂದು ಹನಿಯೂ ಕಾಣದಿದ್ದರೂ, ಮಾಸ್ಟರ್ ಸಿಲಿಂಡರ್‌ನ ಸೀಲ್ ಸವೆದಿದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ನಮ್ಮ ಹವೆಯಲ್ಲಿ ವರ್ಷಕ್ಕೊಮ್ಮೆ, ಮಳೆ ಮುಗಿದ ಮೇಲೆ, ಪೂರ್ತಿ ಬದಲಿಸಿ.

ಡಿಕ್ಕಿಯಲ್ಲಿ ಪಾಯಿಂಟ್ ಸೆಟ್, ಕಂಡೆನ್ಸರ್, ರೋಟರ್, ಫ್ಯಾನ್ ಬೆಲ್ಟ್, 35 ಆಂಪಿಯರ್‌ನ ಗಾಜಿನ ಫ್ಯೂಸ್, ಫೀಲರ್ ಗೇಜ್, ಎರಡು ಲೀಟರ್ ನೀರು ಯಾವತ್ತೂ ಇರಲಿ. ಕಂಡೆನ್ಸರ್ ಮಾತ್ರ ಎರಡು ಇಟ್ಟುಕೊಳ್ಳಿ. ಈಗ ಬರುವ ಹೊಸದರಲ್ಲಿ ಕೆಲವು ಪೆಟ್ಟಿಗೆಯಲ್ಲೇ ಸತ್ತಿರುತ್ತವೆ.

ಪ್ರಶ್ನೆ: ಅದೇ ಮಾದರಿಯ ಕಾರು. ಹೊಸ ಟಾಪ್ ಹಾಕಿಸಿದರೂ ಮಳೆ ಬಂದಾಗ ಕಾರ್ಪೆಟ್ ಒದ್ದೆ. ಟಾಪ್ ಮೇಲೆ ಬೂಷ್ಟು ಬೇರೆ.
— ಓದುಗರು, ಬದಿಯಡ್ಕ

ಉತ್ತರ: ಟಾಪನ್ನು ಬೈಯುವ ಮೊದಲು ನೀರು ಎಲ್ಲಿಂದ ಬರುತ್ತದೆಂದು ಹಿಡಿಯಬೇಕು. ತೋಟದ ಪೈಪು ತನ್ನಿ. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಲಿ. ನೀರನ್ನು ಕೆಳಗಿನಿಂದ ಶುರುಮಾಡಿ ಮೇಲಕ್ಕೆ ಒಯ್ಯಿರಿ: ಮೊದಲು ಬಾಗಿಲಿನ ಕೆಳಭಾಗ, ಆಮೇಲೆ ಗಾಜಿನ ಸಂದು, ವಿಂಡ್‌ಸ್ಕ್ರೀನ್ ಫ್ರೇಮಿನ ಬುಡ, ಕೊನೆಗೆ ಟಾಪಿನ ಮುಂದಿನ ಅಂಚು. ಒಂದೊಂದು ಕಡೆ ಐದು ನಿಮಿಷ. ಮೇಲಿನಿಂದ ಸುರಿದರೆ ಎಲ್ಲವೂ ಒಮ್ಮೆಲೇ ಒದ್ದೆಯಾಗಿ ಏನೂ ಗೊತ್ತಾಗುವುದಿಲ್ಲ.

ಹೆಚ್ಚಾಗಿ ಕಳ್ಳ ಇರುವುದು ಎರಡು ಕಡೆ. ಒಂದು ಬಾಗಿಲು. ಗಾಜಿನ ಸೀಳಿನಿಂದ ಬಾಗಿಲೊಳಗೆ ನೀರು ಇಳಿಯುವುದು ಸಹಜ. ಅದು ಅಡಿಯ ಸೀಳಿನಿಂದ ಹೊರಗೆ ಹೋಗಬೇಕು. ಕೆಂಪುಮಣ್ಣು ಕಟ್ಟಿ ಆ ಸೀಳು ಮುಚ್ಚಿದರೆ, ಇಲ್ಲವೇ ಟ್ರಿಮ್‌ನ ಹಿಂದಿನ ಪ್ಲಾಸ್ಟಿಕ್ ಹಾಳೆ ಹರಿದಿದ್ದರೆ, ನೀರು ಒಳಗಿನ ಕಾರ್ಪೆಟ್‌ಗೆ ಬರುತ್ತದೆ. ಇನ್ನೊಂದು, ಬಾನೆಟ್‌ನ ಹಿಂದಿನ ಗಾಳಿ ಜಾಲರಿಯ ಅಡಿಯ ಪೆಟ್ಟಿಗೆ. ಅದರ ರಬ್ಬರ್ ಕೊಳವೆ ಗೇರ್‌ಬಾಕ್ಸ್ ಟನೆಲ್‌ಗೆ ಇಳಿಯುತ್ತದೆ. ಮರದಡಿ ನಿಲ್ಲಿಸುವ ಕಾರುಗಳಲ್ಲಿ ತರಗೆಲೆ ಕೊಳೆತು ಅದು ಕಟ್ಟಿಕೊಂಡಿರುತ್ತದೆ. ಪೆಟ್ಟಿಗೆ ತುಂಬಿ ನೀರು ಹೀಟರ್ ಮೂಲಕ ಕಾಲಿಗೇ ಬೀಳುತ್ತದೆ. ಕೆಳಗಿನಿಂದ ಮೆತ್ತನೆಯ ವಯರ್ ತೂರಿಸಿ ಬಿಡಿಸಿ. (ತೆಂಗಿನ ಮರದಡಿ ಬಟ್ಟೆ ಟಾಪಿನ ಕಾರು ನಿಲ್ಲಿಸುವವರಿಗೆ ನಾವು ಬೇರೆ ಹೇಳಬೇಕಾಗಿಲ್ಲ.)

ಒದ್ದೆ ಟಾಪನ್ನು ಮಡಚಿಡುವುದೇ ಬೂಷ್ಟಿಗೆ ಕಾರಣ. ಮನೆಗೆ ಬಂದ ಮೇಲೆ ಏರಿಸಿಯೇ ಇಡಿ, ಅಡಕೆ ಒಣಗಿಸುವ ಪ್ಲಾಸ್ಟಿಕ್ ಶೀಟು ಮಾತ್ರ ಮೈಗೆ ತಾಗುವಂತೆ ಹೊದೆಸಬೇಡಿ. ಒಳಗೆ ಬೆವರು ಕಟ್ಟುತ್ತದೆ. ಬಂದ ಬೂಷ್ಟನ್ನು ಮೆತ್ತನೆಯ ಬ್ರಷ್ ಮತ್ತು ಸೌಮ್ಯ ಸೋಪಿನ ನೀರಿನಲ್ಲಿ ತೊಳೆದು ನೆರಳಲ್ಲಿ ಆರಿಸಿ. ಹಿಂದಿನ ಪ್ಲಾಸ್ಟಿಕ್ ಕಿಟಕಿಯನ್ನು ಒಣ ಬಟ್ಟೆಯಲ್ಲಿ ಉಜ್ಜಿದರೆ ಕೆಂಪುಧೂಳು ಗೀರು ಹಾಕುತ್ತದೆ, ಮೊದಲು ನೀರು ಹಾಯಿಸಿ. ಬಹಳ ದಿನ ಮಡಚಿಟ್ಟ ಟಾಪ್ ಕುಗ್ಗಿ ಬಟನ್ ತಲುಪದಿದ್ದರೆ ಎಳೆದು ಹರಿಯಬೇಡಿ. ಅರ್ಧ ಗಂಟೆ ಬಿಸಿಲಲ್ಲಿ ಹರಡಿದರೆ ತಾನೇ ಬರುತ್ತದೆ.

ಕಾರ್ಪೆಟ್ ಎತ್ತಿದಾಗ ಸಿಲ್‌ಗಳನ್ನೂ ನೋಡಿಬಿಡಿ. ಮೇಲೆ ಛಾವಣಿ ಇಲ್ಲದ ಕಾರಿನ ಬೆನ್ನೆಲುಬೇ ಬಾಗಿಲಡಿಯ ಈ ಸಿಲ್. ಕಾರಿನ ಬದಿಯನ್ನು ಜಾಕ್‌ನಿಂದ ಎತ್ತಿ ಬಾಗಿಲು ತೆರೆಯಿರಿ. ಅದು ಬಿಗಿಯಾದರೆ ಅಥವಾ ಹಿಂದಿನ ಸಂದು ಮೇಲ್ಭಾಗದಲ್ಲಿ ಕಿರಿದಾದರೆ ಒಳಗಿನ ಪದರ ತುಕ್ಕಿಗೆ ಹೋಗಿದೆ. ವೆಲ್ಡಿಂಗ್ ಮಾಡಿಸುವಾಗ ಬಾಗಿಲ ಜಾಗಕ್ಕೆ ಅಡ್ಡ ಪೈಪು ಕಟ್ಟದೆ ಸಿಲ್ ಕತ್ತರಿಸಲು ಬಿಡಬೇಡಿ. ಕಾರು ನಡುವೆ ಬಾಗಿದರೆ ಆಮೇಲೆ ಬಾಗಿಲು ಯಾವ ಜನ್ಮಕ್ಕೂ ಕೂರುವುದಿಲ್ಲ. ಸಿಲ್ ಗಟ್ಟಿಯಿದ್ದರೆ ಎಪ್ರಿಲ್ ಬಿಸಿಲಲ್ಲಿ ಒಳಗೆ ಮೇಣದ ಸ್ಪ್ರೇ ಹೊಡೆಸಿ. ಸೆಕೆಗೆ ಅದು ಸಂದುಗೊಂದಿಗೆ ಹರಿಯುತ್ತದೆ. ಹಳೇ ಎಂಜಿನ್ ಆಯಿಲ್ ಬಳಿಯುವುದು ಬೇಡ, ರಬ್ಬರ್ ಬುಷ್‌ಗಳು ಉಬ್ಬುತ್ತವೆ.

ಪ್ರಶ್ನೆ: ಎಥೆನಾಲ್ ಬೆರೆತ ಪೆಟ್ರೋಲ್ ಬಂದ ಮೇಲೆ ಎಸ್‌ಯು ಕಂಪನಿಯ ಕಾರ್ಬುರೇಟರ್‌ನಲ್ಲಿ ಸೀನುತ್ತದೆ. ಪೆಟ್ರೋಲ್ ವಾಸನೆಯೂ ಇದೆ.
— ಓದುಗರು, ಕಾಞಂಗಾಡ್

ಉತ್ತರ: ವಾಸನೆಯ ಕೆಲಸ ಮೊದಲು, ಇವತ್ತೇ. ಹಳೇ ರಬ್ಬರ್ ಹೋಸ್ ಎಥೆನಾಲ್‌ಗೆ ಒಳಗಿನಿಂದ ಮೆತ್ತಗಾಗಿ ಬಿರಿಯುತ್ತದೆ. ಎಸ್‌ಯುಗಳು ಕೂರುವುದೋ ಎಕ್ಸಾಸ್ಟ್‌ನ ಮೇಲೆಯೇ. ಟ್ಯಾಂಕ್‌ನಿಂದ ಕಾರ್ಬುರೇಟರ್‌ವರೆಗಿನ ಎಲ್ಲ ಹೋಸ್‌ಗಳನ್ನು ಎಥೆನಾಲ್ ತಾಳುವ ಆರ್9 ಗುರುತಿನವುಗಳಿಗೆ ಬದಲಿಸಿ, ಕ್ಲಿಪ್ ಹೊಸದು ಹಾಕಿ. ಟ್ಯಾಂಕಿನ ಹಳೇ ತುಕ್ಕು ಬಿಡಿಸಿಕೊಂಡು ಬರುವುದರಿಂದ ಮೊದಲ ತಿಂಗಳಲ್ಲಿ ಫಿಲ್ಟರ್ ಎರಡು ಸಲ ಬದಲಿಸಬೇಕಾದೀತು.

ಸೀನುವುದು ಮಿಶ್ರಣ ತೆಳುವಾದದ್ದರಿಂದ. ಎಥೆನಾಲ್ ಉರಿಯಲು ಪೆಟ್ರೋಲಿಗಿಂತ ಕಡಿಮೆ ಗಾಳಿ ಸಾಕು, ಹಾಗಾಗಿ ಅದೇ ಸೆಟ್ಟಿಂಗ್‌ನಲ್ಲಿ ಗಾಳಿ ಹೆಚ್ಚಾಯಿತು. ಎಂಜಿನ್ ಬಿಸಿ ಮಾಡಿ, ಕಾರ್ಬುರೇಟರ್ ಪಿಸ್ಟನನ್ನು ಪಕ್ಕದ ಪಿನ್ನಿನಿಂದ 0.8 ಮಿ.ಮೀ. ಮಾತ್ರ ಎತ್ತಿ. ಎಂಜಿನ್ ಬಿಕ್ಕಿ ನಿಲ್ಲಲು ನೋಡಿದರೆ ತೆಳು. ವೇಗ ಏರಿ ಏರಿಯೇ ಉಳಿದರೆ ದಪ್ಪ. ಕ್ಷಣಕ್ಕೆ ಏರಿ ಇಳಿದರೆ ಸರಿ. ಅಡಿಯ ಷಟ್ಕೋನ ನಟ್ಟನ್ನು ಕೆಳಕ್ಕೆ ತಿರುಗಿಸಿದರೆ ದಪ್ಪ. ಒಮ್ಮೆಗೆ ಒಂದೇ ಮುಖದಷ್ಟು, ಎರಡೂ ಕಾರ್ಬುರೇಟರ್‌ಗೆ ಸಮನಾಗಿ. ಸಾಮಾನ್ಯವಾಗಿ ಒಂದು ಎರಡು ಮುಖಕ್ಕೆ ಸರಿಹೋಗುತ್ತದೆ. ಹೋಗದಿದ್ದರೆ ನಟ್ಟನ್ನು ಬಿಟ್ಟು ಮ್ಯಾನಿಫೋಲ್ಡ್ ಗ್ಯಾಸ್ಕೆಟ್‌ನಲ್ಲಿ ಗಾಳಿ ಸೋರಿಕೆ ಹುಡುಕಿ. ಆಕ್ಟೇನ್ ಏರಿರುವುದು ಮಾತ್ರ ಈ ಎಥೆನಾಲ್‌ನ ಉಪಕಾರ.

ವಾಲ್ವ್ ಸೀಟನ್ನು ಸವೆಯದಂತೆ ಕಾಯುತ್ತಿದ್ದ ಸೀಸದ ಪೆಟ್ರೋಲ್ 2000ದಲ್ಲೇ ನಿಂತಿತು. ಎಕ್ಸಾಸ್ಟ್ ಟಪ್ಪೆಟ್ ಸಂದು ಪ್ರತಿ ಸರ್ವಿಸ್‌ಗೂ ತಾನಾಗಿ ಕಡಿಮೆಯಾಗುತ್ತಿದ್ದರೆ ವಾಲ್ವ್ ತನ್ನ ಸೀಟಿನೊಳಕ್ಕೆ ಇಳಿಯುತ್ತಿದೆ ಎಂದರ್ಥ. ಆಗ ಹೆಡ್ ಬಿಚ್ಚಿಸಿ ಗಟ್ಟಿ ಸೀಟ್ ಕೂರಿಸಬೇಕು.

ಪ್ರಶ್ನೆ: ಮೊಬೈಲ್ ಚಾರ್ಜರ್ ಹಾಕಿದ ಕೂಡಲೇ ಫ್ಯೂಸ್ ಹಾರಿತು.
— ಓದುಗರು, ಉಪ್ಪಳ

ಉತ್ತರ: ನಿಮ್ಮದು 1967ಕ್ಕಿಂತ ಮೊದಲಿನ ಎಂಜಿಬಿ ಆಗಿದ್ದರೆ ಕಾರಿನ ಮೈಗೆ ಜೋಡಿಸಿರುವುದು ಬ್ಯಾಟರಿಯ ಪಾಸಿಟಿವ್. ಇಂದಿನ ಎಲ್ಲ ಸಾಮಾನು ನೆಗೆಟಿವ್ ಅರ್ತ್‌ನದು, ಅಂದರೆ ಮೈಗೆ ನೆಗೆಟಿವ್ ಜೋಡಿಸಿದ ಕಾರಿಗೆ ಮಾಡಿದ್ದು. ದಿನಾ ಓಡಿಸುವುದಾದರೆ ಬದಲಿಸಿಬಿಡಿ, ಅರ್ಧ ದಿನದ ಕೆಲಸ. ಬ್ಯಾಟರಿ ವಯರ್‌ಗಳನ್ನು ಅದಲುಬದಲು ಮಾಡಿ. ಸೀಟಿನ ಹಿಂದಿನ ಎರಡು 6 ವೋಲ್ಟ್‌ಗಳ ಬದಲು ಒಂದೇ ಚಿಕ್ಕ 12 ವೋಲ್ಟ್‌ನದು ಇಡಬಹುದು. ಕಾಯಿಲ್‌ನ ಎರಡು ಸಣ್ಣ ವಯರ್ ಅದಲುಬದಲು ಮಾಡಿ. ಡೈನಮೊ ಇಟ್ಟುಕೊಳ್ಳುವುದಾದರೆ ಅದರ ಎರಡೂ ವಯರ್ ಕಳಚಿ, ಬ್ಯಾಟರಿಯ ಲೈವ್ ವಯರನ್ನು 'ಎಫ್' ಟರ್ಮಿನಲ್‌ಗೆ ಒಂದೆರಡು ಸಲ ಕ್ಷಣ ಮಾತ್ರ ಮುಟ್ಟಿಸಿ. ಸಣ್ಣ ಕಿಡಿ ಬಂದರೆ ಧ್ರುವ ಬದಲಾಯಿತು. ಎಲೆಕ್ಟ್ರಾನಿಕ್ ಆರ್‌ಪಿಎಂ ಮೀಟರ್ ಇದ್ದರೆ ಅದನ್ನು ಒಳಗಿನಿಂದ ಬದಲಿಸದೆ ಜೋಡಿಸಬೇಡಿ, ಸುಟ್ಟೀತು.

ಪ್ರಶ್ನೆ: ಕೆಎ ನಂಬರಿನ ಹಳೇ ಕಾರು ಕೊಂಡು ಮಂಜೇಶ್ವರದಲ್ಲಿ ಇಟ್ಟುಕೊಂಡಿದ್ದೇನೆ. 'ವಿಎ' ಸೀರೀಸಿನ ವಿಂಟೇಜ್ ನಂಬರ್ ತೆಗೆದುಕೊಳ್ಳಲೇ?
— ಓದುಗರು, ಮಂಜೇಶ್ವರ

ಉತ್ತರ: ದಿನಾ ಓಡಿಸುವುದಾದರೆ ಖಂಡಿತ ಬೇಡ. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲರೂಪದ ಗಾಡಿಗೆ 'ವಿಎ' ನಂಬರ್ ಸಿಗುತ್ತದೆ ನಿಜ. ಆದರೆ ಅದನ್ನು ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಇಂಥದ್ದಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. ಆಫೀಸಿಗೆ ಹೋಗುವುದು ಅದರಲ್ಲಿ ಬರುವುದಿಲ್ಲ. ಮಾಮೂಲು ರಿಜಿಸ್ಟ್ರೇಷನನ್ನೇ ಐದು ವರ್ಷಕ್ಕೊಮ್ಮೆ ಫಾರಂ 25ರಲ್ಲಿ ನವೀಕರಿಸುತ್ತಾ ಹೋಗಿ. ಇನ್ನೊಂದು ರಾಜ್ಯದ ನಂಬರನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಳ್ಳುವಂತಿಲ್ಲ. ಕರ್ನಾಟಕದ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು ಕಾಸರಗೋಡಿನ ಕೆಎಲ್ 14 ನಂಬರಿಗೆ ಮಾಡಿಸಿಕೊಳ್ಳಿ. ಹಳೇ ಕಾಗದದ ಆರ್‌ಸಿ ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ಕಾಣದಿದ್ದರೆ ಮೊದಲು ಮೂಲ ಕಚೇರಿಯಲ್ಲಿ ಬ್ಯಾಕ್‌ಲಾಗ್ ಎಂಟ್ರಿ (ಹಳೇ ದಾಖಲೆಯನ್ನು ಕಂಪ್ಯೂಟರಿಗೆ ಸೇರಿಸುವುದು) ಆಗಬೇಕು. ಅದಾಗದೆ ಎನ್‌ಒಸಿಯೂ ಇಲ್ಲ.

ಪ್ರಶ್ನೆ: ಟ್ರಯಂಫ್ ಸ್ಪಿಟ್‌ಫೈರ್‌ನ ಸ್ಟೀರಿಂಗ್ ಗಡುಸಾಗಿದೆ. ಗ್ರೀಸ್ ತುಂಬಿಸಿದರೂ ಅಷ್ಟೆ.
— ಓದುಗರು, ಮುಳ್ಳೇರಿಯ

ಉತ್ತರ: ಗ್ರೀಸ್ ತುಂಬಿಸಿದ್ದೇ ತಪ್ಪಾಯಿತು. ಮುಂದಿನ ಚಕ್ರ ಹೊತ್ತ ಕಂಬದ ಬುಡ ತಿರುಪಿನಂತೆ ಕೂರುವ ಟ್ರನಿಯನ್‌ಗೆ ಬೇಕಾದದ್ದು ಇಪಿ 90 ಗೇರ್ ಆಯಿಲ್. ಗ್ರೀಸ್ ಗಟ್ಟಿಯಾಗಿ ಕಂಬದ ಮರೆಯ (ತಿರುಪಿನ ಗೆರೆಗಳ) ಮೇಲಕ್ಕೆ ಹೋಗದೆ ಒಳಗೆ ತುಕ್ಕು ಹಿಡಿಯುತ್ತದೆ, ಒಂದು ದಿನ ಮರೆಯ ಬುಡದಲ್ಲೇ ತುಂಡಾಗಿ ಚಕ್ರ ಮಗುಚುತ್ತದೆ. ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್‌ನ ಮುಂಭಾಗವೂ ಇದೇ ಜಾತಿಯದು; ಆ ಕಾರಿನ ಕೆಲಸ ಬಲ್ಲ ಮೇಸ್ತ್ರಿಯಿಂದ ಎರಡೂ ಬದಿ ಬಿಚ್ಚಿಸಿ, ಹಳೇ ಗ್ರೀಸ್ ತೊಳೆಸಿ, ಮರೆಯಲ್ಲಿ ಗುಳಿ ಕಂಡರೆ ಆ ಕಂಬವನ್ನೇ ಬದಲಿಸಿ. ಆಮೇಲೆ ಗನ್ನಿಗೆ ಆಯಿಲ್ ತುಂಬಿ, ಸಂದಿನಿಂದ ಹೊಸ ಆಯಿಲ್ ಒಸರುವ ತನಕ ಒತ್ತಿ. ಮಲೆನಾಡ ಬದಿಯ ಮಳೆಗೆ ತಿಂಗಳಿಗೊಮ್ಮೆ ಒತ್ತಿದರೂ ಹೆಚ್ಚಲ್ಲ. ಅದು ಮುಗಿಯುವ ತನಕ ಕಾರು ಶೆಡ್ಡಿನಿಂದ ಹೊರಗೆ ಬರುವುದು ಬೇಡ.